ತುಕ್ಕು ಹಿಡಿದ ಕತ್ತಿ: ಆಂಗ್ಲರ ಒಂದು ವಾಕ್ಚಿತ್ರವನ್ನು ಕುರಿತು
(ವಾಚನಾಲಯವೊಂದರ ಸಭೆಯಲ್ಲಿ ಮಾಡಿದ ಭಾಷಣ)



ಸಿನಿಮಾದ ಮೇಲೆ ಭಾಷಣವೆಂದೊಡನೆ ನಮ್ಮ ಹಿರಿಯರಲ್ಲಿ ಕೆಲವರು ಹುಬ್ಬುಗಂಟಿಕ್ಕುವರೆಂಬುದನ್ನು ನಾವು ಬಲ್ಲೆವು. ವಾಚನಾಲಯದ ವೇದಿಕೆಯು ಪುರಾಣಕ್ಕೆ, ಕಾವ್ಯಕ್ಕೆ, ರಾಜಕಾರಣಕ್ಕೆ ಮೀಸಲಾದುದು. ಅಲ್ಲಿ ನಟನಟಿಯರ ಸುದ್ದಿಯೇಕೆ ಎಂದು ಅವರು ಕೇಳಬಹುದು. ನಟನಟಿಯರ ಸುದ್ದಿಯನ್ನು ಹೇಳಲು ನಾವು ಬಂದಿಲ್ಲ. ಬಡವರ ಕೇರಿಯಲ್ಲಿ ಹುಟ್ಟಿ, ಬಡವರ ಹೆಸರಿನಿಂದ ಮೇಲೇರಿ, ಕೊನೆಗೆ ಬಡವರಿಗೇ ಅಪರಿಚಿತನಾದ ಒಬ್ಬ ಮುಂದಾಳಿನ ಕಥೆಯನ್ನು ಆಂಗ್ಲರು ತಮ್ಮ ಕೈಯಾರೆ ಚಿತ್ರಿಸಿ ತಮ್ಮ ಜನರ ಮುಂದಿಟ್ಟರು. ಅಂಥ ಮುಂದಾಳುಗಳು ಒಂದೇ ದೇಶದ ಬೆಳೆಯಲ್ಲವಾದುದರಿಂದ ಅದನ್ನು ವಿಚಾರಿಸುವುದು ನಮಗೆ ಯೋಗ್ಯವೆಂದು ತೋರಿತು.

ಆ ಚಿತ್ರದ ಹೆಸರು ‘ಫೇಮ್ ಈಸ್ ದಿ ಸ್ಪರ್’. 1947ರಲ್ಲಿ ಹೊರಬಂದಿತು. ಹೋವರ್ಡ್ ಸ್ಪ್ರಿಂಗ್ ಎಂಬ ಕಾದಂಬರಿಕಾರನು 1940ರಲ್ಲಿ ಪ್ರಕಟಿಸಿದ ದೊಡ್ಡ ಕಾದಂಬರಿಯೇ ಅದಕ್ಕೆ ಮೂಲ. ಅದನ್ನು ಚಿತ್ರಕಥೆಯಾಗಿ ಇಳಿಸಿದವನು ನೈಜೆಲ್ ಬಾಲ್ಚಿನ್. ನಿರ್ದೇಶಿಸಿದವನು ರಾಯ್ ಬೌಲ್ಟಿಂಗ್. ನಿರ್ಮಾಪಕನು ಅವನ ಅವಳಿ ಸೋದರನಾದ ಜಾನ್. ನಾಯಕನ ಭೂಮಿಕೆಯನ್ನು ವಹಿಸಿದವನು ಮೈಕೆಲ್ ರೆಡ್‌ಗ್ರೇವ್. ಹೆಸರನ್ನು ಮಿಲ್ಟನ್ ಕವಿಯ ಶೋಕಗೀತವೊಂದರಿಂದ ಆರಿಸಿದ್ದಾರೆ. ಕುದುರೆ ಸವಾರನು ತನ್ನ ಹಿಮ್ಮಡಿಗೆ ಕಟ್ಟಿಕೊಳ್ಳುವ ಮುಳ್ಳಿಗೆ ಆಂಗ್ಲರು ‘ಸ್ಪರ್’ ಎನ್ನುವರು. ನಮ್ಮ ಒಕ್ಕಲಿಗನ ಕೈಯಲ್ಲಿ ಬಾರಕೋಲು ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಕೀರ್ತಿಯೇ ಮನುಷ್ಯನನ್ನು ಚುಚ್ಚಿ ಓಡಿಸುವ ಮುಳ್ಳು ಎಂಬುದು ತಾತ್ಪರ್ಯ. ಓಡುವ ಪ್ರಾಣಿಯು ಯಾವ ದಿಕ್ಕಿಗೆ ಓಡುತ್ತದೆಂಬುದನ್ನು ಮುಳ್ಳು ನಿರ್ಣಯಿಸುವುದಿಲ್ಲ. ಕಥೆಯೆಲ್ಲ ಇರುವುದು ಅಲ್ಲಿಯೇ.

ಕಥೆಯು ಮ್ಯಾಂಚೆಸ್ಟರಿನ ಬಡಕೇರಿಯಲ್ಲಿ ಮೊದಲಾಗುತ್ತದೆ. ಹೇಮರ್ ರ‍್ಯಾಡ್‌ಷಾ ಎಂಬ ಹುಡುಗನು ತನ್ನ ಅಜ್ಜನ ಬಾಯಿಂದ ಪೀಟರ್‌ಲೂ ವೃತ್ತಾಂತವನ್ನು ಕೇಳುತ್ತಾನೆ. ಅಜ್ಜನ ಬಳಿ ಒಂದು ಬಾಗುಗತ್ತಿಯಿದೆ. ಅದು ಅಜ್ಜನ ಕತ್ತಿಯಲ್ಲ. ಅಂದು ಬಡವರ ಮೇಲೆ ಬೀಸಿದ ಸವಾರನೊಬ್ಬನ ಕತ್ತಿ. ಅದನ್ನು ಅಜ್ಜನು ಜೀವಮಾನವೆಲ್ಲ ಕಾಪಾಡಿಕೊಂಡು ಬಂದು ಮೊಮ್ಮಗನ ಕೈಗೆ ಕೊಡುತ್ತಾನೆ.

ಈ ಪೀಟರ್‌ಲೂ ಎಂಬುದು ಏನು? 1819ನೆಯ ಇಸವಿಯ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ ಬಯಲಿನಲ್ಲಿ ಸುಮಾರು 60,000 ಜನರು ನೆರೆದಿದ್ದರು. ನೇಕಾರರು, ನೂಲುವವರು, ಅವರ ಹೆಂಡಿರು ಮಕ್ಕಳು. ಹಬ್ಬದ ಉಡುಗೆಯುಟ್ಟು, ಕೈಯಲ್ಲಿ ಆಯುಧವಿಲ್ಲದೆ, ಸಾಲುಸಾಲಾಗಿ ನಡೆದು ಬಂದವರು. ಅವರ ಬೇಡಿಕೆ ಪಾರ್ಲಿಮೆಂಟಿನಲ್ಲಿ ತಮಗೂ ಪ್ರತಿನಿಧಿಗಳು ಬೇಕೆಂಬುದು. ಆ ಕಾಲಕ್ಕೆ ಮ್ಯಾಂಚೆಸ್ಟರಿನಂಥ ದೊಡ್ಡ ಪಟ್ಟಣಕ್ಕೆ ತನ್ನದೆಂಬ ಒಬ್ಬ ಸದಸ್ಯನೂ ಇರಲಿಲ್ಲ. ಹೆನ್ರಿ ಹಂಟ್ ಎಂಬ ವಾಗ್ಮಿಯು ಮಾತನಾಡಲು ನಿಂತೊಡನೆ ಅವನನ್ನು ಹಿಡಿಯಲು ಮ್ಯಾಜಿಸ್ಟ್ರೇಟರು ಕುದುರೆ ದಂಡನ್ನು ನುಗ್ಗಿಸಿದರು. ಮೊದಲು ನುಗ್ಗಿದವರು ಸರ್ಕಾರದ ಖಾಯಂ ಸಿಪಾಯಿಗಳಲ್ಲ. ಊರಿನ ಸ್ವಯಂಸೇವಕ ಸವಾರರು. ಅಂದರೆ ಗಿರಣಿ ಮಾಲಕರು, ಅವರ ಮಕ್ಕಳು, ಅಂಗಡಿಕಾರರು, ಸಾರಾಯಿ ಗುತ್ತಿಗೆಯವರಂಥವರು. ಕತ್ತಿಗಳನ್ನು ಕೆಲವು ವಾರಗಳ ಮೊದಲೇ ಸಾಣೆ ಹಿಡಿಸಿ ಇಟ್ಟುಕೊಂಡಿದ್ದರು. ಆ ಬಳಿಕ ನಿಜವಾದ ದಂಡೂ ಬಂದಿತು. 15ಕ್ಕಿಂತ ಕಡಿಮೆಯಿಲ್ಲದಷ್ಟು ಜನ ಸತ್ತರು. ನೂರಾರು ಜನ ಗಾಯಗೊಂಡರು. ನಾಲ್ಕು ವರ್ಷಗಳ ಹಿಂದೆ ವಾಟರ್‌ಲೂ ರಣದಲ್ಲಿ ನೆಪೋಲಿಯನ್ನನನ್ನು ಗೆದ್ದ ದಂಡು ಈಗ ಹೆಂಗಸರನ್ನೂ ಕೂಸುಗಳನ್ನೂ ಗೆದ್ದಿತೆಂಬ ಕಟಕಿಯಿಂದಲೇ ಆ ಬಯಲಿಗೆ ಪೀಟರ್‌ಲೂ ಎಂಬ ಹೆಸರು ಅಂಟಿತು.

ವಕೀಲಿ ವೃತ್ತಿಯವರಾದ ನಮಗೆ ಈ ಕಥೆಯ ಮುಂದಿನ ಭಾಗದಲ್ಲಿ ಹೆಚ್ಚಿನ ಆಸಕ್ತಿ. ಹೊಡೆದವರು ಯಾರೂ ಜೇಲಿಗೆ ಹೋಗಲಿಲ್ಲ. ಮಾತನಾಡಲು ನಿಂತ ಹಂಟನಿಗೆ ಎರಡೂವರೆ ವರ್ಷದ ಸೆರೆಮನೆಯಾಯಿತು. ಗಾಯಗೊಂಡ ಥಾಮಸ್ ರೆಡ್‌ಫರ್ಡ್ ಎಂಬ ಟೊಪ್ಪಿಗೆ ಮಾಡುವವನು ಸವಾರರ ಕ್ಯಾಪ್ಟನ್ನನಾದ ಬರ್ಲಿ ಎಂಬವನ ಮೇಲೆ ದಿವಾಣಿ ದಾವೆ ಹೂಡಿದನು. ಈ ಬರ್ಲಿಯು ಸ್ವತಃ ಗಿರಣಿ ಮಾಲಕ. 1822ರಲ್ಲಿ ಆ ದಾವೆ ವಜಾ ಆಯಿತು. ಸವಾರರು ಮಾಡಿದ್ದು ಅಕ್ರಮ ಜಮಾವನ್ನು ಚದರಿಸುವ ನ್ಯಾಯವಾದ ಕೆಲಸವೆಂದಾಯಿತು. ಆಂಗ್ಲರ ನ್ಯಾಯಪದ್ಧತಿಯ ಹೊಗಳಿಕೆಯನ್ನು ನಾವೆಲ್ಲರೂ ಕಾಲೇಜಿನಲ್ಲಿ ಬೇಕಾದಷ್ಟು ಓದಿದ್ದೇವೆ. ಆ ಪಾಠಪುಸ್ತಕಗಳಲ್ಲಿ ರೆಡ್‌ಫರ್ಡನ ದಾವೆಗೆ ಒಂದು ಸಾಲಿನ ಜಾಗವೂ ಸಿಗಲಿಲ್ಲ.

ಅದಿರಲಿ. ಹೇಮರನ ಸಂಗಡ ಅದೇ ಕೇರಿಯಲ್ಲಿ ಬೆಳೆಯುವ ಇನ್ನಿಬ್ಬರು ಹುಡುಗರು ಇದ್ದಾರೆ. ಒಬ್ಬನು ಟಾಮ್ ಹ್ಯಾನವೇ. ಅವನು ಹುಟ್ಟಾ ವ್ಯಾಪಾರಿ. ದೊಡ್ಡವನಾಗಿ ಹಣ ಗಳಿಸುತ್ತಾನೆ, ತಾನು ಹಣಕ್ಕಾಗಿ ಬದುಕುವೆನೆಂಬುದನ್ನು ಯಾರಿಂದಲೂ ಮುಚ್ಚಿಡುವುದಿಲ್ಲ. ಇನ್ನೊಬ್ಬನು ಆರ್ನಲ್ಡ್ ರೈಯರ್ಸನ್. ಅವನು ಕೂಲಿಕಾರರ ಸಂಘದಲ್ಲಿ ದುಡಿಯುತ್ತಾನೆ; ಮಾತಿನಲ್ಲಿ ಮಂದ, ನಡೆಯಲ್ಲಿ ನೇರ. ಹೇಮರನಿಗೆ ದೇವರು ರೂಪವನ್ನೂ ಕಂಠವನ್ನೂ ಕೊಟ್ಟಿದ್ದಾನೆ. ಅವನು ಅಜ್ಜನ ಕತ್ತಿಯನ್ನು ಸಭೆಗೆ ತರುತ್ತಾನೆ. ಭಾಷಣವು ಏರಿದಾಗ ಒರೆಯಿಂದ ಹಿರಿದು ಎತ್ತಿ ತೋರಿಸುತ್ತಾನೆ. ಜನರಿಗೆ ಮೈ ಜುಮ್ಮೆನ್ನುತ್ತದೆ. ಹೀಗೆ ಒಂದು ವಂಶದ ದುಃಖವು ಒಬ್ಬನ ಸಾಧನವಾಗುತ್ತದೆ. ಚಿತ್ರವು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಅಜ್ಜನು ಆ ಕತ್ತಿಯನ್ನು ಹಿಡಿಯುವಾಗಿನ ಕೈಯನ್ನೂ ಮೊಮ್ಮಗನು ಹಿಡಿಯುವಾಗಿನ ಕೈಯನ್ನೂ ಹೋಲಿಸಿದವರಿಗೆ ಅದು ತಾನಾಗಿ ತಿಳಿಯುವುದು.

ವೇಲ್ಸ್ ಪ್ರಾಂತದ ಕಲ್ಲಿದ್ದಲ ಗಣಿಗಳಲ್ಲಿ ಸಂಪು ನಡೆದಾಗ ಹೇಮರನು ಅಲ್ಲಿಗೆ ಹೋಗಿ ಕತ್ತಿಯೆತ್ತಿ ಮಾತನಾಡುತ್ತಾನೆ. ಕೂಲಿಕಾರರು ಕೆರಳುತ್ತಾರೆ, ಗಲಭೆಯಾಗುತ್ತದೆ, ಅವರಲ್ಲೊಬ್ಬನು ಸಾಯುತ್ತಾನೆ. ಕತ್ತಿಯೆತ್ತಿದವನ ಮೈಮೇಲೆ ಗೀರು ಸಹ ಬೀಳುವುದಿಲ್ಲ. ಸತ್ತವನ ಮನೆಯವರ ಗತಿಯೇನೆಂದು ರೈಯರ್ಸನ್ನನಂಥವರು ಯೋಚಿಸಬೇಕಾಗುತ್ತದೆ. ವಾಗ್ಮಿಯ ಹೆಸರು ಮಾತ್ರ ಮನೆಮಾತಾಗುತ್ತದೆ.

ಇದು ಕಟ್ಟುಕಥೆಯಾದರೂ ಇಂಥದು ನಡೆಯದ ಸಂಗತಿಯೇನೂ ಅಲ್ಲ. 1910ರಲ್ಲಿ ವೇಲ್ಸ್‌ನ ಟೋನಿಪ್ಯಾಂಡಿ ಎಂಬಲ್ಲಿ ನಡೆದ ಸಂಪನ್ನು ನೋಡಿರಿ. ಗಣಿ ಕೂಲಿಕಾರನಿಗೆ ಅಲ್ಲಿ ದಿನಗೂಲಿಯಿಲ್ಲ. ಕಡಿದು ಹೊರಗೆ ಹಾಕಿದ ಕಲ್ಲಿದ್ದಲಿನ ಟನ್ನಿನ ಲೆಕ್ಕದಲ್ಲಿ ಕೂಲಿ. ಮೆತ್ತಗಿನ ಪದರು ಸಿಕ್ಕವನಿಗೆ ಹೊಟ್ಟೆ ತುಂಬಿತು. ನಡುನಡುವೆ ಕಲ್ಲು, ನೀರು, ಕುಸಿಯುವ ಮಣ್ಣು ಇರುವ ಪದರು ಪಾಲಿಗೆ ಬಂದವನು ಅಷ್ಟೇ ಬೆವರು ಸುರಿಸಿ ಅರ್ಧ ಕೂಲಿಯನ್ನು ತರುವನು. ಒಂದು ಗಣಿಯಲ್ಲಿ ಹೊಸ ಪದರನ್ನು ಪರೀಕ್ಷಿಸಲು ಸುಮಾರು 70 ಜನರನ್ನು ಇಳಿಸಿ, ಇವರು ಬೇಕೆಂದೇ ನಿಧಾನ ಮಾಡುತ್ತಾರೆಂದು ಆಪಾದಿಸಿ, ಮಾಲಕರು ಆ ಗಣಿಯ ಎಲ್ಲ ಕೂಲಿಕಾರರನ್ನೂ ಹೊರಗಿಟ್ಟು ಬಾಗಿಲು ಮುಚ್ಚಿದರು. ಅದರಿಂದ ಬೆಂಕಿ ಹತ್ತಿತು. ಅಕ್ಕಪಕ್ಕದ ಗಣಿಗಳು ನಿಂತವು, ಪೋಲೀಸರೊಡನೆ ಹೊಡೆದಾಟವಾಯಿತು, ಗೃಹಮಂತ್ರಿಯಾಗಿದ್ದ ಚರ್ಚಿಲ್ಲನು ದಂಡನ್ನೂ ಕಳುಹಿಸಿದನು, ತಲೆಗೆ ಪೆಟ್ಟು ಬಿದ್ದು ಒಬ್ಬ ಕೂಲಿಕಾರನು ಸತ್ತನು. ಹತ್ತಿರ ಹತ್ತಿರ ಒಂದು ವರುಷ ಹೊಟ್ಟೆಗಿಲ್ಲದೆ ಹೋರಾಡಿ ಕೊನೆಗೆ ಕೂಲಿಕಾರರು ಸೋತು ಕೆಳಗಿಳಿದರು. ಆದರೆ ಕಷ್ಟದ ಪದರಿನಲ್ಲಿ ದುಡಿಯುವವನಿಗೂ ಕನಿಷ್ಠ ಕೂಲಿ ಇರಬೇಕೆಂಬ ಅವರ ಮಾತು ಸಾಯಲಿಲ್ಲ. 1912ರಲ್ಲಿ ದೇಶದ ಗಣಿಗಾರರೆಲ್ಲ ಒಟ್ಟಾಗಿ ಕೆಲಸ ನಿಲ್ಲಿಸಿದಾಗ ಪಾರ್ಲಿಮೆಂಟು ಕನಿಷ್ಠ ಕೂಲಿಯ ಕಾಯಿದೆಯನ್ನು ಮಾಡಲೇ ಬೇಕಾಯಿತು. ಕತ್ತಿಯನ್ನು ಎತ್ತಿ ತೋರಿಸಿ ಆದ ಕೆಲಸವಲ್ಲ ಅದು. ಟನ್ನಿಗೆ ಎಷ್ಟು ಪೆನ್ನಿ ಎಂದು ಲೆಕ್ಕ ಹಾಕುತ್ತ ಕುಳಿತವರ ಕೆಲಸ.

ಇಲ್ಲಿ ಇನ್ನೊಂದು ಮೊಕದ್ದಮೆಯನ್ನು ಹೇಳದೆ ಮುಂದೆ ಹೋಗುವುದು ನಮ್ಮಿಂದಾಗದು. ಆಂಗ್ಲರ ಮಜೂರ ಪಕ್ಷಕ್ಕೆ ಪ್ರಾಣ ಕೊಟ್ಟವರು ಯಾರು ಎಂದರೆ, ನ್ಯಾಯಾಧೀಶರು ಎಂದು ಹೇಳಬೇಕಾಗುತ್ತದೆ. 1900ರಲ್ಲಿ ವೇಲ್ಸ್‌ನ ಟ್ಯಾಫ್ ವೇಲ್ ರೈಲ್ವೆಯಲ್ಲಿ ಸಂಪು ಆಯಿತು. ಕಂಪನಿಯು ಕೂಲಿಕಾರರ ಸಂಘದ ಮೇಲೆಯೇ ನಷ್ಟದ ದಾವೆ ಹಾಕಿತು. ಸಂಘವು ಕಂಪನಿಯಲ್ಲ, ವ್ಯಕ್ತಿಯಲ್ಲ, ಅದರ ಮೇಲೆ ದಾವೆ ನಡೆಯದೆಂದು ಎಲ್ಲರೂ ನಂಬಿದ್ದರು. 1901ರಲ್ಲಿ ಲಾರ್ಡರ ಸಭೆಯು, ನಡೆಯುವುದೆಂದು ತೀರ್ಪಿತ್ತಿತು. ಸಂಘವು 23,000 ಪೌಂಡು ನಷ್ಟ ತುಂಬಿಕೊಡಬೇಕಾಯಿತು, ಖರ್ಚುವೆಚ್ಚ ಬೇರೆ. ಇನ್ನು ಮುಂದೆ ಸಂಪು ಹೂಡಿದ ಸಂಘವೆಲ್ಲ ದಿವಾಳಿಯೆಂದಾಯಿತು. ಕಾಯಿದೆಯು ಹೀಗಿದ್ದರೆ ಕಾಯಿದೆ ಮಾಡುವ ಜಾಗಕ್ಕೆ ನಮ್ಮವರೇ ಹೋಗಬೇಕೆಂದು ಸಂಘಗಳಿಗೆ ಆಗ ತಿಳಿಯಿತು. ಹಿಂದಿನ ವರ್ಷವಷ್ಟೆ ಹುಟ್ಟಿದ ‘ಮಜೂರ ಪ್ರಾತಿನಿಧ್ಯ ಮಂಡಲ’ದ ಬಲವು ಎರಡು ಮೂರು ವರುಷಗಳಲ್ಲಿ ಇಮ್ಮಡಿಯಾಯಿತು, 1906ರಲ್ಲಿ 29 ಜನರು ಪಾರ್ಲಿಮೆಂಟಿಗೆ ಆರಿಸಿಬಂದರು, ಅದೇ ವರುಷ ಆ ತೀರ್ಪನ್ನು ಕಾಯಿದೆಯಿಂದ ಅಳಿಸಿದರು. ಆ ಮಂಡಲಕ್ಕೆ ಮೊದಮೊದಲು ಸಂಬಳವಿಲ್ಲದೆ ಕಾರ್ಯದರ್ಶಿಯಾಗಿ ದುಡಿದವನ ಹೆಸರು ಜೇಮ್ಸ್ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್.

ಈ ಹೆಸರನ್ನು ಕೇಳಿದೊಡನೆ ಸಭೆಯಲ್ಲಿ ಕೆಲವರು ನಕ್ಕಿರಿ. ಹೇಮರನಲ್ಲಿ ಕಾಣುವುದು ಅವನದೇ ಛಾಯೆಯೆಂದು ಚಿತ್ರ ನೋಡಿದ ಆಂಗ್ಲರೆಲ್ಲ ಹೇಳಿದರು. ಆ ಹೋಲಿಕೆಗೆ ಬರುವ ಮೊದಲು ಚಿತ್ರದ ಸ್ತ್ರೀಪಾತ್ರದ ವಿಷಯವಾಗಿ ಒಂದೆರಡು ಮಾತು.

ಹೇಮರನ ಹೆಂಡತಿ ಆ್ಯನ್. ರೋಸಮಂಡ್ ಜಾನ್ ಎಂಬಾಕೆ ಈ ಪಾತ್ರವನ್ನು ಮಾಡಿದ್ದಾಳೆ. ಗಂಡನು ಯಾವ ಮಾತುಗಳನ್ನಾಡಿ ದೊಡ್ಡವನಾದನೋ ಆ ಮಾತುಗಳನ್ನು ಆಕೆ ನಿಜವೆಂದು ನಂಬಿದಳು. ಅದೇ ಆಕೆಯ ದೋಷ. ಹೆಂಗಸರಿಗೆ ಮತದ ಹಕ್ಕು ಬೇಕೆಂದು ಹೋರಾಡಿ ಜೇಲಿಗೆ ಹೋಗುತ್ತಾಳೆ; ಆರೋಗ್ಯ ಕೆಡುತ್ತದೆ; ಕೊನೆಗೆ ಸಾಯುತ್ತಾಳೆ. ಗಂಡನಿಗೆ ದುಃಖವಾಗುತ್ತದೆ, ಸಂಶಯವಿಲ್ಲ. ಆದರೆ ಹೆಂಡತಿಯ ಹೋರಾಟವು ತನ್ನ ಪಕ್ಷಕ್ಕೆ ಅಡಚಣೆಯಾದೀತೇನೋ ಎಂಬ ಲೆಕ್ಕಾಚಾರವು ಆ ದುಃಖದ ಜೊತೆಜೊತೆಗೇ ನಡೆದಿರುತ್ತದೆ. ಈ ಎರಡನ್ನೂ ಒಂದೇ ಮುಖದಲ್ಲಿ ತೋರಿಸಿದ ರೆಡ್‌ಗ್ರೇವನ ಅಭಿನಯವನ್ನು ನಾವು ಮನಃಪೂರ್ವಕವಾಗಿ ಮೆಚ್ಚಿದೆವು.

ಆ ಹೆಂಗಸರನ್ನು ಆಂಗ್ಲ ಸರ್ಕಾರವು ನಡೆಸಿಕೊಂಡ ರೀತಿಯನ್ನು ಇಲ್ಲಿಯವರು ಮರೆಯಲಾಗದು. 1909ರಲ್ಲಿ ಅವರು ಜೇಲಿನಲ್ಲಿ ಅನ್ನ ಬಿಟ್ಟರು. ಸರ್ಕಾರದ ವೈದ್ಯರು ಮೂಗಿನಲ್ಲಿಯೋ ಗಂಟಲಲ್ಲಿಯೋ ನಳಿಕೆಯನ್ನು ತುರುಕಿ ಆಹಾರವನ್ನು ಸುರಿದರು. ಜನರು ಛೀಮಾರಿ ಹಾಕಿದ ಮೇಲೆ 1913ರಲ್ಲಿ ಒಂದು ವಿಚಿತ್ರ ಕಾಯಿದೆಯನ್ನು ಮಾಡಿದರು: ಉಪವಾಸದಿಂದ ಬಳಲಿದವಳನ್ನು ಬಿಟ್ಟುಬಿಡುವುದು, ಮನೆಯಲ್ಲಿ ಉಂಡು ಚೇತರಿಸಿಕೊಂಡೊಡನೆ ತಿರುಗಿ ಹಿಡಿದು ತರುವುದು. ಬೆಕ್ಕು ಇಲಿಯಾಟದ ಕಾಯಿದೆಯೆಂದು ಜನರು ಅದಕ್ಕೆ ಹೆಸರಿಟ್ಟರು. ಆ ನಳಿಕೆಯು ಆಂಗ್ಲ ಸೆರೆಮನೆಗಳಲ್ಲಿಯೇ ಉಳಿಯಲಿಲ್ಲ. 1929ರಲ್ಲಿ ಲಾಹೋರಿನ ಸೆರೆಯಲ್ಲಿ ಜತೀಂದ್ರನಾಥ ದಾಸನು ರಾಜಕೀಯ ಕೈದಿಗಳ ಮಾನಕ್ಕಾಗಿ ಉಪವಾಸ ಕೂತಾಗ ಅವನ ಮೇಲೂ ಅದರ ಪ್ರಯೋಗವಾಯಿತು. 63 ದಿನ ಅನ್ನವಿಲ್ಲದೆ ಆ ತರುಣನು ಸಪ್ಟೆಂಬರ 13ರಂದು ದೇಹ ಬಿಟ್ಟನು. ಆ ದಿನ ಲಂಡನ್ನಿನಲ್ಲಿ ಯಾರ ಸರ್ಕಾರವಿದ್ದಿತು? ಮಜೂರ ಪಕ್ಷದ್ದು. ಪ್ರಧಾನಿ ಯಾರು? ಮ್ಯಾಕ್‌ಡೊನಾಲ್ಡನು.

ಇನ್ನು ಈ ಮನುಷ್ಯನ ವಿಷಯ. ವಿರೋಧಿಗಾದರೂ ನ್ಯಾಯ ಕೊಡಬೇಕಾದದ್ದು ನಮ್ಮ ವೃತ್ತಿಧರ್ಮ. 1866ರಲ್ಲಿ ಸ್ಕಾಟ್ಲಂಡಿನ ಲಾಸಿಮೌತ್ ಎಂಬ ಮೀನುಗಾರರ ಊರಿನಲ್ಲಿ, ಮದುವೆಯಾಗದ ಒಬ್ಬ ಬಡ ದಾಸಿಯ ಹೊಟ್ಟೆಯಲ್ಲಿ ಹುಟ್ಟಿದವನು. ತಾನು ಕಲಿತ ಶಾಲೆಯಲ್ಲಿಯೇ ಸಣ್ಣ ವಯಸ್ಸಿಗೆ ವಿದ್ಯಾರ್ಥಿ-ಶಿಕ್ಷಕನಾಗಿ ಪಾಠ ಹೇಳಿದವನು. ಆದುದರಿಂದ ಇಲ್ಲಿ ನೆರೆದ ಶಿಕ್ಷಕ ಬಂಧುಗಳಿಗೆ ಅವನು ದೂರದ ಬಳಗದವನೇ. 1914ರಲ್ಲಿ ಮಹಾಯುದ್ಧವು ಮೊದಲಾದಾಗ, ಇದು ತಪ್ಪೆಂದು ಪಾರ್ಲಿಮೆಂಟಿನಲ್ಲಿ ನಿಂತು ಹೇಳಿ ಪಕ್ಷದ ಮುಖಂಡತ್ವವನ್ನು ಬಿಟ್ಟನು. ದೇಶದ್ರೋಹಿಯೆಂದು ವೃತ್ತಪತ್ರಗಳು ಕೂಗಿದವು. ಅವನ ಜನ್ಮರಹಸ್ಯವನ್ನು ಅಚ್ಚುಹಾಕಿ ಅವಮಾನಿಸಿದವು. ಹುಟ್ಟೂರಿನ ಗಾಲ್ಫ್ ಕ್ಲಬ್ಬು ಅವನನ್ನು ಹೊರಗೆ ಹಾಕಿತು. 1918ರ ಚುನಾವಣೆಯಲ್ಲಿ ಮತದಾರರು ಸೋಲಿಸಿದರು. ಅವನು ಅಲುಗಲಿಲ್ಲ. ಹೇಮರನಲ್ಲಿ ಈ ಧೈರ್ಯವಿಲ್ಲ. ಬಯ್ಗುಳದ ಎದುರಿಗೆ ನಿಂತವನು ಹೊಗಳಿಕೆಯ ಎದುರಿಗೆ ಕರಗಿದನೆಂಬುದೇ ನಿಜವಾದ ಮ್ಯಾಕ್‌ಡೊನಾಲ್ಡನ ಒಗಟು. ಚಿತ್ರವು ಆ ಒಗಟನ್ನು ಮುಟ್ಟಿಲ್ಲ.

ಹಿಂದುಸ್ಥಾನಕ್ಕಂತೂ ಅವನು ಹಳೆಯ ಸ್ನೇಹಿತ. ಇಲ್ಲಿ ಸಂಚರಿಸಿ ಹೋಗಿ 1910ರಲ್ಲಿ ‘ಹಿಂದುಸ್ಥಾನದ ಜಾಗೃತಿ’ ಎಂಬರ್ಥದ ಹೆಸರಿನ ಪುಸ್ತಕವನ್ನು ಬರೆದನು. 1911ರ ಕಲಕತ್ತೆಯ ಕಾಂಗ್ರೆಸ್ಸಿಗೆ ಅಧ್ಯಕ್ಷನಾಗಬೇಕೆಂದು ನಮ್ಮ ಮುಂದಾಳುಗಳು ಅವನನ್ನು ಕರೆದಿದ್ದರು. ಹೆಂಡತಿ ತೀರಿಕೊಂಡುದರಿಂದ ಬರಲಿಲ್ಲ. ಅಂಥವನು 1929ರಲ್ಲಿ ಎರಡನೆಯ ಸಲ ಪ್ರಧಾನಿಯಾದಾಗ ನಮ್ಮವರಲ್ಲಿ ಎಷ್ಟೋ ಜನರು ಆಸೆಪಟ್ಟರು. 1930ರ ಏಪ್ರಿಲ್‌ನಲ್ಲಿ ಅಂಕೋಲೆಯ ಸಮುದ್ರತೀರದಲ್ಲಿ ಕನ್ನಡಿಗರು ಉಪ್ಪು ಮಾಡಿ ಕಾಯಿದೆಯನ್ನು ಮುರಿದಾಗ ಅವರ ಮೇಲೆ ಕೈಯಿಟ್ಟ ಪೋಲೀಸರು ಈ ಮಜೂರ ಸರ್ಕಾರದ ಅಧೀನದವರು. ಆ ವರ್ಷ ದೇಶದಲ್ಲೆಲ್ಲ ಜೇಲು ಸೇರಿದವರು ಸುಮಾರು 60,000 ಎಂದು ಎಣಿಕೆ. ಲಂಡನ್ನಿನಲ್ಲಿ ಪಕ್ಷ ಬದಲಾದರೆ ಅಂಕೋಲೆಯ ಫೌಜದಾರನ ಬೆತ್ತವೂ ಬದಲಾದೀತೆಂದು ನಂಬಿದವರಿಗೆ ಅದೊಂದು ದೊಡ್ಡ ಪಾಠವಾಯಿತು.

ಚಿತ್ರಕ್ಕೆ ಮರಳೋಣ. ಹೇಮರನು ಪಾರ್ಲಿಮೆಂಟಿಗೆ ಹೋದ ಮೇಲೆ ಮಾಲಕರೂ ಲಾರ್ಡರೂ ಅವನೊಡನೆ ಜಗಳವಾಡುವುದಿಲ್ಲ, ಊಟಕ್ಕೆ ಕರೆಯುತ್ತಾರೆ. ಅವರು ರಾಕ್ಷಸರಲ್ಲ, ಸಭ್ಯರು. ಬೆಳ್ಳಿಯ ಚಮಚೆ, ಮೆಲುಮಾತು, ಸಿರಿವಂತ ಹೆಂಗಸರ ಮುಗುಳುನಗೆ. ಇವನ ಮಾತುಗಾರಿಕೆಯನ್ನು ಅವರು ಮೆಚ್ಚುವರು. ಇವನ ಕತ್ತಿಯ ಕಥೆಯನ್ನು ಕೂಡ ಆಸಕ್ತಿಯಿಂದ ಕೇಳುವರು. ಹೀಗೆ ಕತ್ತಿಯು ಸಭಾಂಗಣದಿಂದ ದಿವಾನಖಾನೆಗೆ ಬಂದು ಗೋಡೆಯ ಮೇಲೆ ನೇತಾಡುವ ವಸ್ತುವಾಗುತ್ತದೆ. ನಮ್ಮಲ್ಲಿಯೂ ಒಂದು ಚಹದ ಬಟ್ಟಲಿಗೆ, ಕಲೆಕ್ಟರನ ಬಂಗಲೆಯ ಒಂದು ಕುರ್ಚಿಗೆ ಸೋತವರನ್ನು ನೋಡಿಲ್ಲವೆ? ಲಂಚ ಕೊಡಲು ಬಂದವನನ್ನು ಹೊಡೆದೋಡಿಸುವುದು ಸುಲಭ. ಗೌರವ ಕೊಡಲು ಬಂದವನನ್ನು ಏನು ಮಾಡುವುದು?

ಆದರೆ ಇಲ್ಲಿ ಚಿತ್ರಕಾರರೊಡನೆ ನಮಗೊಂದು ವಾದವಿದೆ. ಅವರು ಎಲ್ಲ ದೋಷವನ್ನೂ ಒಬ್ಬನ ಡಂಭದ ಮೇಲೆ ಹೊರಿಸಿ ಕೈ ತೊಳೆದುಕೊಂಡಿದ್ದಾರೆ. ಒಬ್ಬ ಹೇಮರನು ಒಳ್ಳೆಯವನಾಗಿದ್ದರೆ ಎಲ್ಲವೂ ಸರಿಹೋಗುತ್ತಿತ್ತೆಂಬ ಭಾವನೆಯು ನೋಡುವವನ ಮನಸ್ಸಿನಲ್ಲಿ ಉಳಿಯುತ್ತದೆ. 1931ರಲ್ಲಿ ನಡೆದ ಸಂಗತಿಯನ್ನು ಸ್ವಲ್ಪ ವಿವರವಾಗಿ ನೋಡಿದರೆ ಅದು ಅಷ್ಟು ಸರಳವಲ್ಲವೆಂದು ತಿಳಿಯುವುದು.

ಆ ವರ್ಷ ಇಂಗ್ಲಂಡಿನಲ್ಲಿ ಕೆಲಸವಿಲ್ಲದವರ ಸಂಖ್ಯೆಯು 25 ಲಕ್ಷವನ್ನು ಮೀರಿತ್ತು. ಅವರಿಗೆ ಕೊಡುವ ಭತ್ತೆಯಿಂದ ಬೊಕ್ಕಸ ಬರಿದಾಗುವುದೆಂಬ ಕೂಗೆದ್ದಿತು. ಜುಲೈ ಕೊನೆಗೆ ಒಂದು ಸಮಿತಿಯು, 12 ಕೋಟಿ ಪೌಂಡು ಕೊರತೆ ಬೀಳುವುದು, ನಿರುದ್ಯೋಗಿಗಳ ಭತ್ತೆಯನ್ನು ನೂರಕ್ಕೆ 20ರಂತೆ ಕಡಿಯಿರಿ ಎಂದು ವರದಿಯಿತ್ತಿತು. ಆ ವರದಿಯನ್ನು ಓದಿದ ಪರದೇಶದ ಸಾಹುಕಾರರು ಲಂಡನ್ನಿನಿಂದ ಚಿನ್ನವನ್ನು ಹೊರಕ್ಕೆ ಎಳೆಯತೊಡಗಿದರು. ಪೌಂಡನ್ನು ಉಳಿಸಲು ನ್ಯೂಯಾರ್ಕು ಮತ್ತು ಪ್ಯಾರಿಸಿನಿಂದ 5 ಕೋಟಿ ಪೌಂಡು ಸಾಲ ಎತ್ತಿದರು. ಅದು ಸಾಲದೆ ಹೋಯಿತು. ಮತ್ತೆ ಸಾಲ ಬೇಕೆಂದರೆ, ವೆಚ್ಚವನ್ನು ಕಡಿದು ತೋರಿಸಿದ ಹೊರತು ವಿಶ್ವಾಸ ಹುಟ್ಟದೆಂಬ ಸೂಚನೆ ಬಂದಿತು. ಆಗಸ್ಟ್ 23ರಂದು ಮಂತ್ರಿಮಂಡಲದಲ್ಲಿ ಭತ್ತೆಯನ್ನು ನೂರಕ್ಕೆ 10ರಂತೆ ಕಡಿಯುವ ಪ್ರಶ್ನೆ ಬಂದಾಗ 11 ಜನರು ಹೌದೆಂದರು, 9 ಜನರು ಅಲ್ಲವೆಂದರು. ಮರುದಿನ ಮ್ಯಾಕ್‌ಡೊನಾಲ್ಡನು ತನ್ನ ಪಕ್ಷವನ್ನು ಬಿಟ್ಟು, ನಿನ್ನೆಯವರೆಗಿನ ಎದುರಾಳಿಗಳನ್ನು ಕೂಡಿಸಿಕೊಂಡು ‘ರಾಷ್ಟ್ರೀಯ ಸರ್ಕಾರ’ದ ಪ್ರಧಾನಿಯಾದನು.

ಕೆಲಸವಿಲ್ಲದ ಗಂಡಸಿಗೆ ವಾರಕ್ಕೆ 17 ಶಿಲಿಂಗು ಬರುತ್ತಿದ್ದುದು 15 ಶಿಲಿಂಗು 3 ಪೆನ್ನಿಗೆ ಇಳಿಯಿತು. ಇಷ್ಟಕ್ಕೇ ಮುಗಿಯಲಿಲ್ಲ. ಅಧಿಕಾರಿಯು ಮನೆಗೆ ಬಂದು, ಮಗನು ಏನು ಗಳಿಸುವನು, ಮಗಳು ಏನು ತರುವಳು, ಅಟ್ಟದ ಮೇಲೆ ಏನಿದೆ ಎಂದು ವಿಚಾರಿಸಿ, ಅದಕ್ಕೆ ತಕ್ಕಂತೆ ತಂದೆಯ ಭತ್ತೆಯನ್ನು ಕಡಿಯುವ ಪದ್ಧತಿಯೂ ಬಂದಿತು. ದುಡಿಯುವ ಮಗನು ತಂದೆಯ ಭತ್ತೆ ಉಳಿಯಲೆಂದು ಬೇರೆ ಮನೆ ಮಾಡಿದ ಉದಾಹರಣೆಗಳುಂಟು. ಶಿಕ್ಷಕರ ಸಂಬಳಕ್ಕೆ ನೂರಕ್ಕೆ 15ರ ಕಡಿತವನ್ನು ಸಾರಿದರು. ನೌಕಾದಳದಲ್ಲಿ ಕೆಳಗಿನ ನಾವಿಕನ ದಿನಗೂಲಿಯು 4 ಶಿಲಿಂಗಿನಿಂದ 3ಕ್ಕೆ ಇಳಿಯುವುದೆಂಬ ಸುದ್ದಿ ಬಂದಾಗ ಇನ್ವರ್‌ಗಾರ್ಡನ್ ಬಂದರಿನ ನಾವಿಕರು ಹಡಗುಗಳನ್ನು ಹೊರಡಿಸಲು ಒಪ್ಪಲಿಲ್ಲ. ಆ ಮೇಲೆ ಶಿಕ್ಷಕರ ಕಡಿತವನ್ನೂ ನಾವಿಕರ ಕಡಿತವನ್ನೂ ನೂರಕ್ಕೆ 10ಕ್ಕೆ ಇಳಿಸಿದರು. ಶಿಕ್ಷಕ ಬಂಧುಗಳು ನಾವಿಕರಿಗೆ ಋಣಿಗಳು! ಇನ್ನೂ ಸ್ವಾರಸ್ಯದ ಮಾತೆಂದರೆ, ಯಾವ ಚಿನ್ನದ ಪೌಂಡನ್ನು ಉಳಿಸಲೆಂದು ಇಷ್ಟೆಲ್ಲ ನಡೆಯಿತೋ ಅದನ್ನು ಸಪ್ಟೆಂಬರ 21ರಂದು ಬಿಟ್ಟುಕೊಟ್ಟರು. ಆಕಾಶವೇನೂ ಕಳಚಿ ಬೀಳಲಿಲ್ಲ. ಅಕ್ಟೋಬರಿನ ಚುನಾವಣೆಯಲ್ಲಿ, 1929ರಲ್ಲಿ 287 ಸ್ಥಾನಗಳನ್ನು ಗೆದ್ದಿದ್ದ ಮಜೂರ ಪಕ್ಷವು 52ಕ್ಕೆ ಇಳಿಯಿತು.

ಇದನ್ನೆಲ್ಲ ವಿಚಾರಿಸಿದರೆ ಒಂದು ಮಾತು ಹೊಳೆಯುತ್ತದೆ. ಮ್ಯಾಕ್‌ಡೊನಾಲ್ಡನ ಎದುರಿಗೆ ಆ ದಿನ ಇದ್ದುದು ಲಾರ್ಡರ ಊಟದ ಮೇಜೊಂದೇ ಅಲ್ಲ. ಬ್ಯಾಂಕಿನವರ ಕಾಗದವೂ ಇದ್ದಿತು. ಸಮತಾವಾದವನ್ನು ಮೂವತ್ತು ವರುಷ ಬೋಧಿಸಿದ ಪಕ್ಷಕ್ಕೆ, ಕೈಯಲ್ಲಿ ಅಧಿಕಾರವಿದ್ದಾಗ ಬ್ಯಾಂಕು ಬಾಗಿಲು ತಟ್ಟಿದರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಭತ್ತೆಯನ್ನು ಕಡಿಯಬಾರದೆಂದ 9 ಮಂತ್ರಿಗಳ ಬಳಿಯೂ ಬೇರೆ ಉಪಾಯವಿರಲಿಲ್ಲ. 1977ರಲ್ಲಿ ಡೇವಿಡ್ ಮಾರ್ಕ್ವಾಂಡ್ ಎಂಬ ವಿದ್ವಾಂಸನು ಬರೆದ ದೊಡ್ಡ ಜೀವನಚರಿತ್ರೆಯು ಈ ಮನುಷ್ಯನನ್ನು ದ್ರೋಹಿಯೆಂದು ತಳ್ಳಿಬಿಡದೆ ತೂಗಿನೋಡಿತು. ಅಷ್ಟನ್ನು ನಾವೂ ಒಪ್ಪುವೆವು. ಆದರೂ 9 ಜನರು ಅಧಿಕಾರವನ್ನು ಬಿಟ್ಟು ಎದ್ದುಹೋದರು, ಇವನು ಕುರ್ಚಿಯಲ್ಲಿ ಕುಳಿತೇ ಇದ್ದನು. ಆ ವ್ಯತ್ಯಾಸವನ್ನು ಯಾವ ಜೀವನಚರಿತ್ರೆಯೂ ಅಳಿಸಲಾರದು.

ಒಂದು ವಿಷಯದಲ್ಲಿ ಹೇಮರನಿಗಿಂತ ಅವನು ಮೇಲು. ಹೇಮರನು ಕೊನೆಗೆ ಲಾರ್ಡ್ ಆಗುವನು. ಮ್ಯಾಕ್‌ಡೊನಾಲ್ಡನು ಅಂಥ ಪದವಿಯನ್ನು ತೆಗೆದುಕೊಳ್ಳಲಿಲ್ಲ. ಅವನ ಅರ್ಥಮಂತ್ರಿಯಾಗಿದ್ದ ಸ್ನೋಡನ್ನನು ತೆಗೆದುಕೊಂಡನು. ಡರ್‌ಹಮ್ ಸೀಮೆಯ ಸೀಹ್ಯಾಮ್ ಎಂಬ ಗಣಿಗಾರರ ಕ್ಷೇತ್ರವು 1935ರಲ್ಲಿ ಮ್ಯಾಕ್‌ಡೊನಾಲ್ಡನ ಲೆಕ್ಕವನ್ನು ಚುಕ್ತಾ ಮಾಡಿತು: ಅವನ ಪಕ್ಷದವನೇ ಆಗಿದ್ದ ಶಿನ್‌ವೆಲ್ಲನು 20,000ಕ್ಕೂ ಮಿಕ್ಕ ಮತಗಳಿಂದ ಅವನನ್ನು ಸೋಲಿಸಿದನು. ಗಣಿಗಾರರು ಬೇಡವೆಂದವನಿಗೆ ಮರುವರುಷ ಸ್ಕಾಟ್ಲಂಡಿನ ವಿಶ್ವವಿದ್ಯಾಲಯಗಳ ಪದವೀಧರರು ತಮ್ಮ ಸ್ಥಾನವನ್ನು ಕೊಟ್ಟರು. 1937ರಲ್ಲಿ ಹಡಗಿನ ಮೇಲೆ ಪ್ರಯಾಣ ಮಾಡುವಾಗ ತೀರಿಕೊಂಡನು.

ಆ 1931ರ ಸಪ್ಟೆಂಬರವನ್ನು ನಾವು ಇನ್ನೊಂದು ಕಾರಣಕ್ಕಾಗಿ ನೆನೆಯುತ್ತೇವೆ. ಎರಡನೆಯ ದುಂಡುಮೇಜಿನ ಪರಿಷತ್ತಿಗೆಂದು ಗಾಂಧೀಜಿಯವರು ಲಂಡನ್ನಿಗೆ ಹೋದವರು ಬಡವರ ಕೇರಿಯಾದ ಪೂರ್ವಭಾಗದಲ್ಲಿ ಇಳಿದುಕೊಂಡರು. ತಿಂಗಳ ಕೊನೆಗೆ ಲ್ಯಾಂಕಶೈರಿಗೆ, ಅಂದರೆ ನಮ್ಮ ಕಥೆಯ ಹೇಮರನ ಸೀಮೆಗೇ ಹೋದರು. ನಮ್ಮ ಪರದೇಶೀ ಬಟ್ಟೆಯ ಬಹಿಷ್ಕಾರದ ಪೆಟ್ಟು ತಗಲಿ ಎಷ್ಟೋ ಗಿರಣಿಗಳು ಅಲ್ಲಿ ನಿಂತುಹೋಗಿದ್ದವು. ಕೆಲಸ ಕಳೆದುಕೊಂಡ ನೇಕಾರರು ತಮ್ಮ ಹೊಟ್ಟೆಯ ಮೇಲೆ ಹೊಡೆದವರೆಂದು ಅವರಿಗೆ ಕಲ್ಲೆಸೆಯಬಹುದಾಗಿತ್ತು. ಅವರು ಸುತ್ತುಗಟ್ಟಿ ಜಯಘೋಷ ಮಾಡಿದರು. ಗಾಂಧೀಜಿಯವರು ಸಿಹಿಮಾತಿನಿಂದ ಅವರನ್ನು ಮರುಳುಗೊಳಿಸಲಿಲ್ಲ. ಬಹಿಷ್ಕಾರವನ್ನು ಹಿಂತೆಗೆದುಕೊಳ್ಳುತ್ತೇನೆಂದೂ ಹೇಳಲಿಲ್ಲ. ನಿಮ್ಮ ಬಡತನಕ್ಕಿಂತ ನಮ್ಮ ಹಳ್ಳಿಗಳ ಬಡತನವು ಆಳವಾದುದೆಂದು ಲೆಕ್ಕವನ್ನು ಮುಂದಿಟ್ಟರು. ಅವರ ಕೈಯಲ್ಲಿ ಎತ್ತಿ ತೋರಿಸಲು ಕತ್ತಿಯೂ ಇರಲಿಲ್ಲ. ಅದೇ ವಾರಗಳಲ್ಲಿ ಆ ನೇಕಾರರ ಪಕ್ಷದ ಹಳೆಯ ಮುಂದಾಳು ಡೌನಿಂಗ್ ಬೀದಿಯಲ್ಲಿ ಕುಳಿತು ಅವರ ಭತ್ತೆಯನ್ನು ಕಡಿಯುತ್ತಿದ್ದನು.

ಚಿತ್ರದ ಕೊನೆಯ ಭಾಗವನ್ನು ಹೇಳಿಬಿಡುತ್ತೇವೆ. ಮುದುಕನಾದ ಹೇಮರನು, ಪದವಿ ಬಿರುದುಗಳಿಂದ ತುಂಬಿದವನು, ಒಬ್ಬನೇ ಇರುವಾಗ ಆ ಹಳೆಯ ಕತ್ತಿಯನ್ನು ಕೈಗೆತ್ತಿಕೊಂಡು ಹಿರಿಯಲು ನೋಡುತ್ತಾನೆ. ಅದು ಬರುವುದಿಲ್ಲ. ಒರೆಯೊಳಗೇ ತುಕ್ಕು ಹಿಡಿದು ಕಚ್ಚಿಕೊಂಡಿದೆ. ಇದು ತುಸು ಸುಲಭವಾದ ಸಂಕೇತವೆಂದು ಕೆಲವು ಪಂಡಿತರು ಮೂಗು ಮುರಿಯಬಹುದು. ನಮಗೆ ಹಾಗನಿಸಲಿಲ್ಲ. ನಮ್ಮ ಮನಸ್ಸು ಹೋದದ್ದು ಕತ್ತಿಯ ಕಡೆಗಲ್ಲ, ಕೈಗಳ ಕಡೆಗೆ. ಅವನು ಒಂದು ಸಲವಲ್ಲ, ಮತ್ತೆ ಮತ್ತೆ ಎಳೆಯುತ್ತಾನೆ. ತಾನು ಏನನ್ನೋ ಕಳೆದುಕೊಂಡೆನೆಂಬುದು ಅವನಿಗೆ ಇಷ್ಟು ತಡವಾಗಿ, ಕೈಯ ಮೂಲಕ ತಿಳಿಯುತ್ತದೆ.

ರೈಯರ್ಸನ್ನನ ಮೇಲೆ ಇನ್ನಷ್ಟು ಬೆಳಕು ಬೀಳಬೇಕಾಗಿತ್ತೆಂಬುದು ನಮ್ಮ ದೊಡ್ಡ ಕೊರಗು. ವಂದಿಗೆಯ ಲೆಕ್ಕ ಬರೆಯುವವನು, ಸತ್ತವನ ಹೆಂಡತಿಗೆ ಅರ್ಜಿ ಬರೆದುಕೊಡುವವನು, ಮಳೆಯಲ್ಲಿ ನೆನೆದು ಹತ್ತು ಜನರ ಸಭೆಗೆ ಹೋಗುವವನು: ಅವನನ್ನು ಚಿತ್ರವು ಒಳ್ಳೆಯವನೆಂದು ಹೊಗಳಿ ಮೂಲೆಗೆ ಕೂಡ್ರಿಸಿದೆ. ಪಾಪ, ಒಳ್ಳೆಯ ಮನುಷ್ಯನಿಂದ ನಾಟಕ ಹುಟ್ಟುವುದಿಲ್ಲವೆಂದು ಕಥೆಗಾರರು ತಿಳಿದಿದ್ದಾರೆ. ಆದರೆ ಚಿತ್ರವು ಹೊರಬಂದ ಆ 1947ನೆಯ ವರುಷದಲ್ಲಿ ಇಂಗ್ಲಂಡಿನ ಪ್ರಧಾನಿಯಾಗಿದ್ದವನು ಯಾರು? ಕ್ಲೆಮೆಂಟ್ ಆ್ಯಟ್ಲಿ. 1931ರಲ್ಲಿ ಮ್ಯಾಕ್‌ಡೊನಾಲ್ಡನೊಡನೆ ಹೋಗದೆ ಸೋತ ಪಕ್ಷದಲ್ಲಿ ಉಳಿದವನು. ವಾಗ್ಮಿಯಲ್ಲ, ರೂಪವಂತನಲ್ಲ, ಹೇಮರನ ಎದುರಿಗೆ ನಿಂತರೆ ಯಾರೂ ತಿರುಗಿ ನೋಡದ ಆಸಾಮಿ. ಸೈಮನ್ ಕಮಿಶನ್ನಿನ ಸದಸ್ಯನಾಗಿ ಬಂದಾಗ ನಮ್ಮವರಿಂದ ಕಪ್ಪು ಬಾವುಟವನ್ನೂ ಕಂಡು ಹೋದವನು. ಆ ವರುಷದ ಜನೆವರಿ 1ರಂದು ಅವನ ಸರ್ಕಾರವು ಕಲ್ಲಿದ್ದಲ ಗಣಿಗಳನ್ನೆಲ್ಲ ಮಾಲಕರಿಂದ ತೆಗೆದುಕೊಂಡು ರಾಷ್ಟ್ರದ ಸ್ವತ್ತಾಗಿ ಮಾಡಿತು. ಆಗಸ್ಟ್ 15ರಂದು ಹಿಂದುಸ್ಥಾನದಿಂದ ಕೈ ತೆಗೆಯಿತು. ಗಣಿಗಳು 1994ರಲ್ಲಿ ಮತ್ತೆ ಖಾಸಗಿಯವರ ಕೈಗೆ ಹೋದವು. ಅದು ಬೇರೆ ಕಥೆ, ಬೇರೆ ದಿನದ ಭಾಷಣ.

ಈ ಊರಿನ ಶಾಲೆಗಳ ಹಿರಿಯ ವಿದ್ಯಾರ್ಥಿಗಳಿಗೆ ಈ ಚಿತ್ರವನ್ನು ತೋರಿಸಬೇಕೆ ಎಂದು ಅಧ್ಯಕ್ಷರು ಆರಂಭದಲ್ಲಿ ಕೇಳಿದ್ದರು. ತೋರಿಸಬೇಕು. ಆದರೆ ಪೀಟರ್‌ಲೂ ವೃತ್ತಾಂತವನ್ನೂ ಟ್ಯಾಫ್ ವೇಲ್ ಮೊಕದ್ದಮೆಯನ್ನೂ ಮೊದಲು ಪಾಠ ಹೇಳಿ, ಆ ಬಳಿಕ ತೋರಿಸಬೇಕು. ಇಲ್ಲವಾದರೆ ಹುಡುಗರು ಕತ್ತಿಯನ್ನು ಮಾತ್ರ ನೋಡಿ ಮನೆಗೆ ಹೋಗುವರು. ನಮಗೆ ಕೊಟ್ಟ ವೇಳೆಯು ಮೀರಿತು. ಪ್ರಶ್ನೆ ಕೇಳಬೇಕೆಂದಿರುವವರು ಈಗ ಕೇಳಬಹುದು.